ಕೊಲಂಬಿಯಾ ವಾಪಸ್ ಬರುವುದಿಲ್ಲ ಎಂದು ನಾಸಾಗೆ ಮೊದಲೇ ಗೊತ್ತಿತ್ತಾ? ಕಲ್ಪನಾ ಚಾವ್ಲಾ ಫಾರ್ವರ್ಡ್‌ನಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಈ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಕಿತ್ತಳೆ ಬಣ್ಣದ ಉಡುಪಿನಲ್ಲಿ ನಗುತ್ತಿರುವ ಕಲ್ಪನಾ ಚಾವ್ಲಾ ಅವರ ಫೋಟೊ, ಅದರ ಕೆಳಗೆ ಒಂದು ಉದ್ದನೆಯ ಬರಹ. ಅದರ ಸಾರಾಂಶ ಇಷ್ಟು: ಕೊಲಂಬಿಯಾ ನೌಕೆ ಮೇಲೆ ಹೋದ ದಿನವೇ ಅದು ಹಾಳಾಗಿದೆ ಎಂದು ನಾಸಾಗೆ ಗೊತ್ತಾಗಿತ್ತು. ಏಳೂ ಜನ ಸಾಯುವುದು ಖಚಿತವಾಗಿತ್ತು. ಆದರೆ ಅವರು ಕೊನೆಯ ದಿನಗಳನ್ನು ನೆಮ್ಮದಿಯಿಂದ ಕಳೆಯಲಿ ಎಂದು ನಾಸಾ ವಿಷಯ ಮುಚ್ಚಿಟ್ಟಿತು.

ಓದಿದವರ ಕಣ್ಣು ಒದ್ದೆಯಾಗುತ್ತದೆ, ಕೈ ತಾನಾಗಿಯೇ ಫಾರ್ವರ್ಡ್ ಬಟನ್ ಒತ್ತುತ್ತದೆ. ಆದರೆ ಇದು ನಿಜವೇ?

ಚಿಕ್ಕ ಉತ್ತರ: ಇಲ್ಲ. ನಾಸಾಗೆ ಗೊತ್ತಿತ್ತು ಎನ್ನುವುದಕ್ಕೆ ಆಧಾರವಿಲ್ಲ. ಸಿಬ್ಬಂದಿಯಿಂದ ವಿಷಯವನ್ನು ಪೂರ್ತಿ ಮುಚ್ಚಿಟ್ಟರು ಎನ್ನುವುದೂ ಸುಳ್ಳು. ಆದರೆ ನಡೆದ ಸಂಗತಿ ಈ ಕಟ್ಟುಕಥೆಗಿಂತ ಹೆಚ್ಚು ಕಹಿಯಾಗಿದೆ. ಗಗನಯಾನಕ್ಕೆ ತಯಾರಾಗುತ್ತಿರುವ ನಮ್ಮ ದೇಶಕ್ಕೆ ಅದು ಹೆಚ್ಚು ಉಪಯೋಗಕ್ಕೂ ಬರುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಅಂದು ನಡೆದದ್ದೇನು?

2003ರ ಜನವರಿ 16ರಂದು ಕೊಲಂಬಿಯಾ ನೌಕೆ ಏಳು ಜನರನ್ನು ಹೊತ್ತು ಫ್ಲೋರಿಡಾದಿಂದ ಮೇಲೇರಿತು. ಹಾರಿದ ಸುಮಾರು 82 ಸೆಕೆಂಡಿಗೆ, ಹೊರಗಿನ ದೊಡ್ಡ ಇಂಧನ ಟ್ಯಾಂಕ್‌ನ ಮೇಲಿದ್ದ ಫೋಮ್ ಹೊದಿಕೆಯ ಒಂದು ತುಂಡು ಕಳಚಿ ಎಡ ರೆಕ್ಕೆಯ ಮುಂಭಾಗಕ್ಕೆ ಬಡಿಯಿತು. ಆ ತುಂಡಿನ ತೂಕ ಮುಕ್ಕಾಲು ಕೆ.ಜಿ. ಆಸುಪಾಸು.

ಥರ್ಮೊಕೋಲ್‌ನಂಥ ಹಗುರ ವಸ್ತು ಬಡಿದರೆ ಏನಾದೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ತೂಕಕ್ಕಿಂತ ವೇಗ. ಕಳಚಿದ ತುಂಡು ಗಾಳಿಯ ತಡೆಗೆ ಸಿಕ್ಕಿ ಒಮ್ಮೆಲೇ ನಿಧಾನವಾಯಿತು, ನೌಕೆ ಮಾತ್ರ ಅದೇ ರಭಸದಲ್ಲಿ ಮುನ್ನುಗ್ಗಿತು. ಇವೆರಡೂ ಗಂಟೆಗೆ ಸುಮಾರು 800 ಕಿ.ಮೀ. ವೇಗದಲ್ಲಿ ಡಿಕ್ಕಿಯಾದವು. ಆ ಪೆಟ್ಟಿಗೆ ರೆಕ್ಕೆಯ ಅಂಚಿನಲ್ಲಿದ್ದ ಶಾಖ ತಡೆಯುವ ಕಾರ್ಬನ್ ಫಲಕ ಒಡೆಯಿತು.

ಹದಿನಾರು ದಿನ ಎಲ್ಲವೂ ಸರಿಯಾಗಿಯೇ ಇತ್ತು. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲದ ಕಾರಣ ತೂತು ಇದ್ದರೂ ತೊಂದರೆ ಕಾಣಲಿಲ್ಲ. ಫೆಬ್ರವರಿ 1ರಂದು ನೌಕೆ ವಾತಾವರಣಕ್ಕೆ ಮರಳಿದಾಗ 1,500 ಡಿಗ್ರಿಗೂ ಮೀರಿದ ಬಿಸಿ ಆ ತೂತಿನ ಮೂಲಕ ರೆಕ್ಕೆಯ ಒಳಗೆ ನುಗ್ಗಿತು. ಇಳಿಯಲು ಇನ್ನು 16 ನಿಮಿಷ ಇದೆ ಎನ್ನುವಾಗ ನೌಕೆ ಟೆಕ್ಸಾಸ್ ಮೇಲೆ ಛಿದ್ರವಾಯಿತು. ರಿಕ್ ಹಸ್ಬೆಂಡ್, ವಿಲಿಯಂ ಮೆಕೂಲ್, ಮೈಕೆಲ್ ಆಂಡರ್ಸನ್, ಕಲ್ಪನಾ ಚಾವ್ಲಾ, ಡೇವಿಡ್ ಬ್ರೌನ್, ಲಾರೆಲ್ ಕ್ಲಾರ್ಕ್ ಮತ್ತು ಇಲಾನ್ ರಮೋನ್, ಏಳೂ ಜನ ಪ್ರಾಣ ಕಳೆದುಕೊಂಡರು.

ಹಾಗಾದರೆ ಈ ವದಂತಿ ಹುಟ್ಟಿದ್ದೆಲ್ಲಿ?

ಬಹುತೇಕ ಗಾಳಿಸುದ್ದಿಗಳಂತೆ ಇದರಲ್ಲೂ ಒಂದು ನಿಜದ ಎಳೆ ಇದೆ. ನಾಸಾದ ಹಿರಿಯ ಅಧಿಕಾರಿಯಾಗಿದ್ದ ವೇಯ್ನ್ ಹೇಲ್ 2013ರಲ್ಲಿ, ದುರಂತಕ್ಕೆ ಹತ್ತು ವರ್ಷ ತುಂಬಿದಾಗ, ಒಂದು ನೆನಪು ಬರೆದುಕೊಂಡರು. ಕೊಲಂಬಿಯಾ ಇನ್ನೂ ಕಕ್ಷೆಯಲ್ಲಿದ್ದಾಗ ಹಿರಿಯ ಸಹೋದ್ಯೋಗಿಯೊಬ್ಬರು ಅವರೊಂದಿಗೆ ಮಾತಿಗೆ ಬಂದರು. ಶಾಖ ಕವಚ ಹಾಳಾಗಿದ್ದರೆ ನಾವು ಮಾಡಬಹುದಾದದ್ದು ಏನೂ ಇಲ್ಲ, ಆಗ ಸಿಬ್ಬಂದಿಗೆ ತಿಳಿಯದಿರುವುದೇ ಒಳ್ಳೆಯದಲ್ಲವೇ ಎಂಬರ್ಥದಲ್ಲಿ ಅವರು ಕೇಳಿದ್ದರಂತೆ.

ಅದು 'ಒಂದು ವೇಳೆ ಹೀಗಾಗಿದ್ದರೆ' ಎಂಬ ಊಹೆಯ ಮಾತು. ರೆಕ್ಕೆಯಲ್ಲಿ ತೂತಾಗಿದೆ ಎಂದು ಆಗ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಆದರೆ ಸುದ್ದಿ ಶೀರ್ಷಿಕೆಗಳಲ್ಲಿ 'ಒಂದು ವೇಳೆ' ಬಿದ್ದುಹೋಯಿತು. ಅಲ್ಲಿಂದ ಫಾರ್ವರ್ಡ್‌ಗೆ ಬರುವಷ್ಟರಲ್ಲಿ ಅದು 'ಗೊತ್ತಿದ್ದೂ ಮುಚ್ಚಿಟ್ಟರು' ಎಂದಾಯಿತು.

ಇನ್ನು ಸಿಬ್ಬಂದಿಗೆ ಏನೂ ಹೇಳಲಿಲ್ಲ ಎನ್ನುವುದೂ ತಪ್ಪು. ಜನವರಿ 23ರಂದು ಕಮಾಂಡರ್ ಮತ್ತು ಪೈಲಟ್‌ಗೆ ಇಮೇಲ್ ಹೋಗಿತ್ತು. ಫೋಮ್ ತುಂಡು ರೆಕ್ಕೆಗೆ ಬಡಿದಿದೆ, ಪರಿಶೀಲಿಸಿದ್ದೇವೆ, ಆತಂಕಪಡುವಂಥದ್ದೇನೂ ಇಲ್ಲ ಎಂದು ಅದರಲ್ಲಿತ್ತು. ಪತ್ರಕರ್ತರು ಕೇಳಿದರೆ ಗೊಂದಲವಾಗದಿರಲಿ ಎಂಬುದು ಅದರ ಉದ್ದೇಶವಾಗಿತ್ತು. ಅಂದರೆ ಅವರಿಗೆ ಪೆಟ್ಟಿನ ವಿಷಯ ತಿಳಿಸಲಾಗಿತ್ತು. ಪೆಟ್ಟು ಎಷ್ಟು ಜೋರಾಗಿತ್ತು ಎಂಬುದು ಹೇಳಿದವರಿಗೂ ತಿಳಿದಿರಲಿಲ್ಲ.

ಏಕೆ ತಿಳಿದಿರಲಿಲ್ಲ? ಏಕೆಂದರೆ ನೋಡಲಿಲ್ಲ

ಈ ಪ್ರಕರಣದ ನಿಜವಾದ ನೋವು ಇರುವುದು ಇಲ್ಲಿ. ಕೆಳಹಂತದ ಎಂಜಿನಿಯರ್‌ಗಳಿಗೆ ಅನುಮಾನ ಬಂದಿತ್ತು. ಸೇನೆಯ ಉಪಗ್ರಹ ಅಥವಾ ದೂರದರ್ಶಕದಿಂದ ರೆಕ್ಕೆಯ ಫೋಟೊ ತೆಗೆಸಿ ಎಂಬ ಬೇಡಿಕೆ ಮೂರು ಬಾರಿ ಬೇರೆ ಬೇರೆ ದಾರಿಯಿಂದ ಹೋಯಿತು. ಮೂರೂ ಬಾರಿ ಅದು ಈಡೇರಲಿಲ್ಲ. ಫೋಮ್ ಅಷ್ಟು ಹಾನಿ ಮಾಡಲಾರದು ಎಂದು ಮೇಲಿನವರು ಮೊದಲೇ ನಂಬಿಬಿಟ್ಟಿದ್ದರು.

ಆ ನಂಬಿಕೆ ಬಂದದ್ದು ಅಭ್ಯಾಸದಿಂದ. ಫೋಮ್ ಕಳಚುವುದು ಅದೇ ಮೊದಲಲ್ಲ. ಕೆಲವೇ ತಿಂಗಳ ಹಿಂದೆ, 2002ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಸ್ ಹಾರಿದಾಗಲೂ ಅದೇ ಜಾಗದ ಫೋಮ್ ಕಳಚಿ ಪಕ್ಕದ ಬೂಸ್ಟರ್‌ಗೆ ಬಡಿದಿತ್ತು. ನೌಕೆ ಸುರಕ್ಷಿತವಾಗಿ ವಾಪಸಾಯಿತು, ಹಾರಾಟಗಳು ಮುಂದುವರಿದವು. ಪ್ರತಿ ಬಾರಿ 'ಏನೂ ಆಗಲಿಲ್ಲ' ಎಂದಾಗ ಅದು 'ಏನೂ ಆಗುವುದಿಲ್ಲ' ಎಂಬ ಧೈರ್ಯವಾಗಿ ಬದಲಾಯಿತು. ಹೆಲ್ಮೆಟ್ ಇಲ್ಲದೆ ಹತ್ತು ವರ್ಷ ಬೈಕ್ ಓಡಿಸಿದವರೂ ಇದೇ ಮಾತು ಹೇಳುತ್ತಾರೆ.

ಜೊತೆಗೆ ವೇಳಾಪಟ್ಟಿಯ ಒತ್ತಡವೂ ಇತ್ತು. ಬಾಹ್ಯಾಕಾಶ ನಿಲ್ದಾಣದ ಮುಖ್ಯ ಭಾಗವೊಂದನ್ನು 2004ರ ಫೆಬ್ರವರಿ 19ರೊಳಗೆ ಹಾರಿಸಬೇಕೆಂಬ ಗುರಿ ಇತ್ತು. ಆ ದಿನಕ್ಕೆ ಎಷ್ಟು ಸಮಯ ಉಳಿದಿದೆ ಎಂದು ತೋರಿಸುವ ಸ್ಕ್ರೀನ್‌ಸೇವರ್ ಅನ್ನೇ ವ್ಯವಸ್ಥಾಪಕರ ಕಂಪ್ಯೂಟರ್‌ಗಳಿಗೆ ಕಳುಹಿಸಲಾಗಿತ್ತು ಎಂದು ತನಿಖಾ ವರದಿ ಹೇಳುತ್ತದೆ.

ದುರಂತದ ನಂತರ, 2003ರ ಜುಲೈನಲ್ಲಿ ಟೆಕ್ಸಾಸ್‌ನಲ್ಲಿ ಒಂದು ಪ್ರಯೋಗ ನಡೆಯಿತು. ಅಷ್ಟೇ ತೂಕದ ಫೋಮ್ ತುಂಡನ್ನು ಅಂಥದ್ದೇ ಫಲಕಕ್ಕೆ ಅದೇ ವೇಗದಲ್ಲಿ ಹೊಡೆದು ನೋಡಿದರು. ಫಲಕದಲ್ಲಿ ಸುಮಾರು 40 ಸೆಂಟಿಮೀಟರ್ ಅಗಲದ ತೂತು ಬಿತ್ತು.

ಅವರನ್ನು ಉಳಿಸಲು ಸಾಧ್ಯವಿತ್ತೇ?

'ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಬಹುದಿತ್ತಲ್ಲ' ಎಂದು ಹಲವರು ಕೇಳುತ್ತಾರೆ. ಅದು ಆಗುತ್ತಿರಲಿಲ್ಲ. ಕೊಲಂಬಿಯಾದ ಕಕ್ಷೆಯ ಓರೆಯೇ ಬೇರೆ, ನಿಲ್ದಾಣದ್ದೇ ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟು ಇಂಧನ ನೌಕೆಯಲ್ಲಿರಲಿಲ್ಲ.

ಆದರೆ ತನಿಖಾ ಮಂಡಳಿಯ ಕೋರಿಕೆಯಂತೆ ನಡೆದ ಅಧ್ಯಯನದಲ್ಲಿ ಮತ್ತೊಂದು ದಾರಿ ಕಂಡಿತು. ಸಿಬ್ಬಂದಿ ಉಸಿರಾಟ, ಕೆಲಸ ಎಲ್ಲದರಲ್ಲೂ ಮಿತವ್ಯಯ ಮಾಡಿದ್ದರೆ ಫೆಬ್ರವರಿ 15ರವರೆಗೆ ಕಕ್ಷೆಯಲ್ಲಿ ಉಳಿಯಬಹುದಿತ್ತು. ಮಾರ್ಚ್‌ನ ಹಾರಾಟಕ್ಕೆ ಸಿದ್ಧವಾಗುತ್ತಿದ್ದ ಅಟ್ಲಾಂಟಿಸ್ ಅನ್ನು ಹಗಲು ರಾತ್ರಿ ದುಡಿದು ಫೆಬ್ರವರಿ 10ರ ಹೊತ್ತಿಗೆ ಕಳುಹಿಸಬಹುದಿತ್ತು. ಅದು ತೀರಾ ಅಪಾಯದ ಪ್ರಯತ್ನ, ಗೆಲುವು ಖಚಿತವಿರಲಿಲ್ಲ. ಆದರೆ ಪ್ರಯತ್ನಿಸಲಾದರೂ ಮೊದಲ ಕೆಲವು ದಿನಗಳಲ್ಲೇ ಹಾನಿ ಗೊತ್ತಾಗಬೇಕಿತ್ತು. ಗೊತ್ತಾಗಲು ಒಂದು ಫೋಟೊ ಬೇಕಿತ್ತು.

'ಗೊತ್ತಿದ್ದೂ ಸಾಯಲು ಬಿಟ್ಟರು' ಎಂಬ ಕಥೆಯಲ್ಲಿ ಒಬ್ಬ ಖಳನಾಯಕ ಸಿಗುತ್ತಾನೆ. ಅವನನ್ನು ಬೈದು ನಾವು ನಿರಾಳವಾಗಬಹುದು. ನಿಜದಲ್ಲಿ ಇದ್ದದ್ದು ಬುದ್ಧಿವಂತರು, ಪ್ರಾಮಾಣಿಕರು, ಆದರೆ ಅಪಾಯಕ್ಕೆ ಒಗ್ಗಿಹೋದವರು. ಇಂಥವರು ಯಾವ ದೇಶದಲ್ಲಾದರೂ, ಯಾವ ಸಂಸ್ಥೆಯಲ್ಲಾದರೂ ಇರಬಹುದು.

ಬಾಹ್ಯಾಕಾಶ ಯಾನ ನಿಜಕ್ಕೂ ಎಷ್ಟು ಅಪಾಯಕಾರಿ?

ಕೊಲಂಬಿಯಾಕ್ಕೂ ಮೊದಲು, 1986ರ ಜನವರಿ 28ರಂದು ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿಗೆ ನಾಶವಾಗಿತ್ತು. ಆ ತನಿಖೆಯಲ್ಲಿದ್ದ ನೊಬೆಲ್ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಒಂದು ಸರಳ ಪ್ರಶ್ನೆ ಕೇಳಿದರು. ನೌಕೆ ನಾಶವಾಗುವ ಸಾಧ್ಯತೆ ಎಷ್ಟು? ಆಡಳಿತದವರು ಹೇಳಿದ್ದು ಲಕ್ಷಕ್ಕೆ ಒಂದು. ಕೆಲಸ ಮಾಡುವ ಎಂಜಿನಿಯರ್‌ಗಳ ಅಂದಾಜು ನೂರಕ್ಕೆ ಒಂದು.

ಲಕ್ಷಕ್ಕೆ ಒಂದು ಎಂದರೆ ದಿನಕ್ಕೊಂದು ನೌಕೆ ಹಾರಿಸಿದರೂ ಸರಾಸರಿ 270ಕ್ಕೂ ಹೆಚ್ಚು ವರ್ಷಕ್ಕೆ ಒಂದು ಅಪಘಾತ. ನಿಜದಲ್ಲಿ ಆದದ್ದೇನು? 1981ರಿಂದ 2011ರವರೆಗೆ ಒಟ್ಟು 135 ಹಾರಾಟ, ಅದರಲ್ಲಿ ಎರಡು ನೌಕೆಗಳ ನಾಶ, 14 ಜನರ ಸಾವು. ಅಂದರೆ ಸುಮಾರು 67ಕ್ಕೆ ಒಂದು. ಎಂಜಿನಿಯರ್‌ಗಳ ಅಂದಾಜೇ ಸತ್ಯಕ್ಕೆ ಹತ್ತಿರವಿತ್ತು.

ನಂತರ ಖಾಸಗಿ ಕಂಪನಿಗಳ ನೌಕೆಗಳಿಗೆ ನಾಸಾ ಹಾಕಿದ ಮಿತಿ, ಸಿಬ್ಬಂದಿ ಸಾವಿನ ಸಾಧ್ಯತೆ 270ಕ್ಕೆ ಒಂದನ್ನು ಮೀರಬಾರದು ಎಂಬುದು. ಸುರಕ್ಷತೆ ಹೆಚ್ಚಾಗಿದೆ, ನಿಜ. ಆದರೂ 270 ಬಸ್ಸಿನಲ್ಲಿ ಒಂದು ಊರು ಮುಟ್ಟುವುದಿಲ್ಲ ಎಂದರೆ ನಾವು ಯಾರೂ ಬಸ್ ಹತ್ತುವುದಿಲ್ಲ. ಗಗನಯಾತ್ರಿಗಳು ಅದನ್ನು ತಿಳಿದೇ ಹತ್ತುತ್ತಾರೆ. ಹಾಗೆ ತಿಳಿದು ಒಪ್ಪಿಕೊಳ್ಳಲು ಅವರಿಗೆ ಹೇಳುವ ಅಂಕಿ ನಿಜವಾಗಿರಬೇಕು.

ಇಷ್ಟೆಲ್ಲ ಅಪಾಯ ತೆಗೆದುಕೊಂಡರೆ ಸಿಗುವುದೇನು?

ಇಲ್ಲೂ ಫಾರ್ವರ್ಡ್‌ಗಳಿವೆ. ನಾನ್‌ಸ್ಟಿಕ್ ತವಾದ ಟೆಫ್ಲಾನ್, ಶೂಗಳ ವೆಲ್ಕ್ರೋ ಎಲ್ಲ ನಾಸಾದ ಕೊಡುಗೆ ಎಂಬ ಪಟ್ಟಿ ಅವುಗಳಲ್ಲೊಂದು. ಇದು ಸುಳ್ಳು. ಟೆಫ್ಲಾನ್ ಪತ್ತೆಯಾದದ್ದು 1938ರಲ್ಲಿ, ವೆಲ್ಕ್ರೋ ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಒಬ್ಬರ ಆವಿಷ್ಕಾರ. ನಾಸಾ ಹುಟ್ಟಿದ್ದೇ 1958ರಲ್ಲಿ.

ನಿಜವಾದ ಲಾಭ ಬೇರೆ ಇದೆ. ಅಪೋಲೊ ಯಾತ್ರಿಗಳು ಆರು ಯಾನಗಳಲ್ಲಿ ಚಂದ್ರನಿಂದ 382 ಕೆ.ಜಿ. ಕಲ್ಲು, ಮಣ್ಣು ತಂದರು. ಅದೇ ಕಾಲದಲ್ಲಿ ಸೋವಿಯತ್ ಒಕ್ಕೂಟದ ಮೂರು ಯಂತ್ರನೌಕೆಗಳು ತಂದದ್ದು ಒಟ್ಟು 300 ಗ್ರಾಂ ಚಿಲ್ಲರೆ. ಅಪೋಲೊ 17ರ ಇಬ್ಬರು ಮೂರು ದಿನದಲ್ಲಿ ಚಂದ್ರನ ಮೇಲೆ ಸುಮಾರು 35 ಕಿ.ಮೀ. ಗಾಡಿ ಓಡಿಸಿದರು. ಮಂಗಳನ ಮೇಲಿನ ಆಪರ್ಚುನಿಟಿ ರೋವರ್‌ಗೆ 42 ಕಿ.ಮೀ. ದಾಟಲು 11 ವರ್ಷ ಬೇಕಾಯಿತು. ಮಸುಕಾಗಿ ಕಾಣುತ್ತಿದ್ದ ಹಬಲ್ ದೂರದರ್ಶಕವನ್ನು 1993ರಲ್ಲಿ ಮನುಷ್ಯರೇ ಹೋಗಿ ಸರಿಪಡಿಸಿದರು.

ನಮ್ಮ ಕಡೆಯ ಉದಾಹರಣೆಯೂ ಇದೆ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಮಾಡಿದ ಪ್ರಯೋಗಗಳಲ್ಲಿ ಒಂದು ಹೆಸರುಕಾಳು ಮತ್ತು ಮೆಂತ್ಯವನ್ನು ಮೊಳಕೆ ಬರಿಸುವುದು. ಅದನ್ನು ರೂಪಿಸಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಧಾರವಾಡ ಐಐಟಿ. ನೀರುಕರಡಿ ಎಂಬ ಸೂಕ್ಷ್ಮಜೀವಿಗಳ ಕುರಿತ ಇನ್ನೊಂದು ಪ್ರಯೋಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇತ್ತು.

ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಯಂತ್ರಗಳು ಅಗ್ಗ, ಅವು ಕೆಟ್ಟರೆ ಯಾರ ಮನೆಯಲ್ಲೂ ದೀಪ ಆರುವುದಿಲ್ಲ. ಚಂದ್ರಯಾನ 3ರ ವೆಚ್ಚ ಸುಮಾರು 615 ಕೋಟಿ ರೂಪಾಯಿ. ಗಗನಯಾನ ಕಾರ್ಯಕ್ರಮಕ್ಕೆ 2024ರಲ್ಲಿ ಪರಿಷ್ಕರಿಸಿದ ಒಟ್ಟು ಮೊತ್ತ 20,193 ಕೋಟಿ. ವಿಜ್ಞಾನ ಮಾತ್ರ ಬೇಕಿದ್ದರೆ ಮೊದಲನೆಯದೇ ಲಾಭದ ವ್ಯಾಪಾರ. ಮನುಷ್ಯರನ್ನು ಕಳುಹಿಸುವ ನಿರ್ಧಾರದಲ್ಲಿ ವಿಜ್ಞಾನದ ಜೊತೆಗೆ ತಂತ್ರಜ್ಞಾನದ ಸ್ವಾವಲಂಬನೆ, ದೇಶದ ಹೆಮ್ಮೆ, ಮಕ್ಕಳ ಕನಸು ಎಲ್ಲವೂ ಸೇರಿರುತ್ತವೆ. ಅವಕ್ಕೂ ಬೆಲೆ ಇದೆ. ಆದರೆ ಅವನ್ನು ಅವುಗಳ ಹೆಸರಿನಿಂದಲೇ ಕರೆಯುವುದು ಒಳ್ಳೆಯದು.

ಜನರಿಗೆ ಇದು ಬೇಕೇ?

ಅಪೋಲೊ ಕಾಲದಲ್ಲಿ ಇಡೀ ಅಮೆರಿಕ ಚಂದ್ರಯಾನದ ಬೆನ್ನಿಗಿತ್ತು ಎಂದು ನಾವು ಅಂದುಕೊಂಡಿದ್ದೇವೆ. 1960ರ ದಶಕದ ಜನಾಭಿಪ್ರಾಯ ಸಮೀಕ್ಷೆಗಳು ಬೇರೆಯೇ ಹೇಳುತ್ತವೆ. ಸುಮಾರು ಅರ್ಧದಷ್ಟು ಜನ ಈ ಖರ್ಚು ಅತಿಯಾಯಿತು ಎಂದೇ ಹೇಳುತ್ತಿದ್ದರು. 1969ರ ಜುಲೈನಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗ ಮಾತ್ರ 'ಖರ್ಚಿಗೆ ತಕ್ಕದ್ದು' ಎಂದವರು ಸ್ವಲ್ಪ ಹೆಚ್ಚಾದರು. ಮರುವರ್ಷವೇ ಅಪೋಲೊ 18, 19 ಮತ್ತು 20 ರದ್ದಾದವು.

ಪ್ಯೂ ಸಂಸ್ಥೆ 2018ರಲ್ಲಿ ಅಮೆರಿಕದವರನ್ನು ಕೇಳಿದಾಗ 63 ಶೇಕಡಾ ಜನ ಹವಾಮಾನದ ಮೇಲೆ ಕಣ್ಣಿಡುವುದು ನಾಸಾದ ಮೊದಲ ಆದ್ಯತೆಗಳಲ್ಲಿ ಇರಲಿ ಎಂದರು. ಮಂಗಳಕ್ಕೆ ಮನುಷ್ಯರನ್ನು ಕಳುಹಿಸುವುದಕ್ಕೆ ಹಾಗೆ ಹೇಳಿದವರು 18 ಶೇಕಡಾ. ಚಂದ್ರನಿಗೆ 13 ಶೇಕಡಾ. ಹೆಮ್ಮೆ ಬೇಕು, ಆದರೆ ಆದ್ಯತೆ ಬೇರೆ. ಜನ ಎರಡನ್ನೂ ಒಟ್ಟಿಗೆ ಹೇಳಬಲ್ಲರು.

ನಮ್ಮಲ್ಲೂ 'ಬಡ ದೇಶಕ್ಕೆ ಇದೆಲ್ಲ ಏಕೆ' ಎಂಬ ಸಂದೇಶ ಬರುತ್ತಿರುತ್ತದೆ. ಪ್ರಶ್ನೆ ತಪ್ಪಲ್ಲ, ಲೆಕ್ಕ ಗೊತ್ತಿರಲಿ. 20,193 ಕೋಟಿಯನ್ನು 140 ಕೋಟಿ ಜನರಿಗೆ ಹಂಚಿದರೆ ತಲೆಗೆ ಸುಮಾರು 144 ರೂಪಾಯಿ, ಅದೂ ಹಲವು ವರ್ಷಗಳಲ್ಲಿ. 2024-25ರ ಕೇಂದ್ರ ಬಜೆಟ್‌ನ ಪ್ರತಿ 100 ರೂಪಾಯಿಯಲ್ಲಿ ಬಾಹ್ಯಾಕಾಶ ಇಲಾಖೆಗೆ ಸಿಕ್ಕದ್ದು 27 ಪೈಸೆ. ಇದು ಹೆಚ್ಚೋ ಕಡಿಮೆಯೋ ಎಂದು ನೀವೇ ತೀರ್ಮಾನಿಸಬಹುದು.

ಗಗನಯಾನಕ್ಕೂ ಈ ಫಾರ್ವರ್ಡ್‌ಗೂ ಏನು ಸಂಬಂಧ?

ಗಗನಯಾನವನ್ನು 2018ರ ಆಗಸ್ಟ್ 15ರಂದು ಘೋಷಿಸಿದಾಗ ಇದ್ದ ಗುರಿ 2022. ಆಮೇಲೆ ದಿನಾಂಕ ಹಲವು ಬಾರಿ ಮುಂದಕ್ಕೆ ಹೋಗಿದೆ. ಪ್ರತಿ ಬಾರಿ ಗೇಲಿಯ ಮೀಮ್‌ಗಳು ಬರುತ್ತವೆ.

2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಲ್ಲಿ ಸಿಬ್ಬಂದಿಯನ್ನು ಪಾರು ಮಾಡುವ ವ್ಯವಸ್ಥೆಯ ಪರೀಕ್ಷೆ ಇತ್ತು. ಉಡಾವಣೆಗೆ 5 ಸೆಕೆಂಡ್ ಇರುವಾಗ ಕಂಪ್ಯೂಟರ್ ತಡೆಯಿತು. ದೋಷ ಹುಡುಕಿ ಸರಿಪಡಿಸಿ ಅದೇ ಬೆಳಿಗ್ಗೆ 10 ಗಂಟೆಗೆ ಹಾರಿಸಲಾಯಿತು, ಪರೀಕ್ಷೆ ಯಶಸ್ವಿಯಾಯಿತು. ಅಲ್ಲಿ ನಿಂತದ್ದು ವೈಫಲ್ಯವಲ್ಲ, ವ್ಯವಸ್ಥೆ ತನ್ನ ಕೆಲಸ ಮಾಡಿದ್ದು. ಇಂಥ ವ್ಯವಸ್ಥೆ ಏಕೆ ಬೇಕು ಎಂಬುದಕ್ಕೆ 2018ರ ಅಕ್ಟೋಬರ್ ಸಾಕ್ಷಿ. ಅಂದು ರಷ್ಯಾದ ಸೋಯುಜ್ ರಾಕೆಟ್ ನಡುದಾರಿಯಲ್ಲಿ ವಿಫಲವಾದರೂ ಒಳಗಿದ್ದ ಇಬ್ಬರು ಜೀವಂತವಾಗಿ ನೆಲ ಮುಟ್ಟಿದರು. ಚಾಲೆಂಜರ್, ಕೊಲಂಬಿಯಾಗಳ ಸಿಬ್ಬಂದಿಗೆ ಅಂಥ ವ್ಯವಸ್ಥೆ ಇರಲಿಲ್ಲ.

ಸುನೀತಾ ವಿಲಿಯಮ್ಸ್ ಅವರ ಪ್ರಕರಣವನ್ನೂ ನೆನಪಿಸಿಕೊಳ್ಳಿ. 2024ರ ಜೂನ್‌ನಲ್ಲಿ ಸುಮಾರು ಎಂಟು ದಿನಕ್ಕೆಂದು ಹೋದ ಅವರು ಮತ್ತು ಬುಚ್ ವಿಲ್ಮೋರ್ ಮರಳಿದ್ದು 2025ರ ಮಾರ್ಚ್ 18ರಂದು. ಸ್ಟಾರ್‌ಲೈನರ್‌ನ ಥ್ರಸ್ಟರ್‌ಗಳಲ್ಲಿ ತೊಂದರೆ ಕಂಡಿದ್ದರಿಂದ ನಾಸಾ ಅದನ್ನು ಖಾಲಿಯಾಗಿ ವಾಪಸ್ ಕರೆಸಿತು. ಆ ನಿರ್ಧಾರ ಪ್ರಕಟಿಸುವಾಗ ನಾಸಾ ಮುಖ್ಯಸ್ಥರು ಚಾಲೆಂಜರ್ ಮತ್ತು ಕೊಲಂಬಿಯಾಗಳ ಹೆಸರು ಹೇಳಿದರು.

ಖಾಲಿ ನೌಕೆ ಸೆಪ್ಟೆಂಬರ್ 7ರಂದು ಸುರಕ್ಷಿತವಾಗಿಯೇ ಇಳಿಯಿತು. 'ಹಾಗಾದರೆ ಸುಮ್ಮನೆ ಹೆದರಿದರು' ಎಂದು ಆಗ ಹಲವರು ಬರೆದರು. ಕೊಲಂಬಿಯಾಕ್ಕೆ ಮುಳುವಾದದ್ದು ಇದೇ ತರ್ಕ. ಒಂದು ಬಾರಿ ಏನೂ ಆಗಲಿಲ್ಲ ಎಂದ ಮಾತ್ರಕ್ಕೆ ಅಪಾಯ ಇರಲಿಲ್ಲ ಎಂದರ್ಥವಲ್ಲ. ನಿರ್ಧಾರ ಸರಿಯೇ ಎಂದು ಅಳೆಯಬೇಕಾದದ್ದು ಅದನ್ನು ತೆಗೆದುಕೊಂಡ ಹೊತ್ತಿನಲ್ಲಿ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದರಿಂದ.

ಉಡಾವಣೆ ಮುಂದೂಡಿದಾಗ ನಾವು ನಕ್ಕರೆ, ದಿನಾಂಕ ತಪ್ಪಿತೆಂದು ಮೂದಲಿಸಿದರೆ, ಆ ಒತ್ತಡದಲ್ಲಿ ನಮ್ಮದೂ ಒಂದು ಪಾಲು ಸೇರುತ್ತದೆ. ಸ್ಕ್ರೀನ್‌ಸೇವರ್‌ನಲ್ಲಿ ಓಡುತ್ತಿದ್ದ ಗಡಿಯಾರದ ಕೆಲಸವನ್ನು ಮೀಮ್‌ಗಳೂ ಮಾಡಬಲ್ಲವು. 'ಏಕೆ ತಡ' ಎಂದು ಕೇಳುವುದು ತೆರಿಗೆ ಕಟ್ಟುವ ನಮ್ಮ ಹಕ್ಕು. ಅದರ ಜೊತೆಗೆ 'ಯಾವ ದೋಷ ಸಿಕ್ಕಿತು, ಸರಿಪಡಿಸಿದಿರಾ, ಅಪಾಯ ಎಷ್ಟಕ್ಕೆ ಒಂದು' ಎಂದೂ ಕೇಳಬೇಕು. ಹಾಗೆ ಕೇಳುವ ಜನರಿದ್ದರೆ ಅನುಮಾನಪಟ್ಟ ಎಂಜಿನಿಯರ್‌ನ ದನಿಗೂ ಬಲ ಬರುತ್ತದೆ.

ಒಟ್ಟಿನಲ್ಲಿ

ಕೊಲಂಬಿಯಾ ನಾಶವಾಗುತ್ತದೆ ಎಂದು ನಾಸಾಗೆ ಗೊತ್ತಿತ್ತು ಎಂಬುದು ಸುಳ್ಳು.

ಸಿಬ್ಬಂದಿಗೆ ಪೆಟ್ಟಿನ ವಿಷಯ ತಿಳಿಸಲಿಲ್ಲ ಎಂಬುದೂ ಸುಳ್ಳು. ತಿಳಿಸಿದ್ದರು, ಆದರೆ ಅದನ್ನು ಹಗುರವಾಗಿ ಕಂಡಿದ್ದರು.

ಅನುಮಾನಪಟ್ಟ ಎಂಜಿನಿಯರ್‌ಗಳ ಬೇಡಿಕೆಯನ್ನು ಪಕ್ಕಕ್ಕಿಟ್ಟರು ಎಂಬುದು ನಿಜ.

ಆ ಫಾರ್ವರ್ಡ್ ಮತ್ತೆ ನಿಮ್ಮ ಗುಂಪಿಗೆ ಬಂದರೆ ಕಳುಹಿಸಿದವರನ್ನು ಬೈಯಬೇಡಿ, ಅವರೂ ಮನಸ್ಸು ಮಿಡಿದೇ ಕಳುಹಿಸಿರುತ್ತಾರೆ. ಮೂರು ಬಾರಿ ಕೇಳಿದರೂ ತೆಗೆಸದ ಆ ಫೋಟೊದ ವಿಷಯವನ್ನು ಅವರಿಗೆ ಹೇಳಿ. ಗಗನಯಾನದ ದಿನಾಂಕ ಇನ್ನೊಮ್ಮೆ ಮುಂದೆ ಹೋಯಿತು ಎಂಬ ಸುದ್ದಿ ಬಂದರೆ, ಮೀಮ್ ಹಂಚುವ ಮೊದಲು ಕಾರಣವೇನು ಎಂದು ಒಮ್ಮೆ ಓದಿ.